ಟ್ರ್ಯಾಕ್ ಬೈಕಿನ ಹಿಂದಿನ ಸೀಟು ಯಾರದ್ದು?

ರೇಸ್ ಟ್ರ್ಯಾಕನ್ನು ತಲೆಯಲ್ಲಿಟ್ಟುಕೊಂಡು ಮಾಡಿದ ಬೈಕನ್ನು ದಿನಾ ಕಾಲೇಜಿಗೆ ಓಡಿಸೋಕಾಗುತ್ತಾ? ನಮ್ಮ ಕಡೆ ಈ ಪ್ರಶ್ನೆಗೆ ಎರಡೇ ಉತ್ತರ. ಮನೆಯ ಹಿರಿಯರನ್ನು ಕೇಳಿದರೆ ‘ಅದು ಸಾಯೋ ಗಾಡಿ’ ಅಂತಾರೆ. ಕ್ಲಾಸಿನ ಹುಡುಗರನ್ನು ಕೇಳಿದರೆ ‘ಗಾಡಿ ಅಂದ್ರೆ ಅದೊಂದೇ’ ಅಂತಾರೆ. ಹದಿನಾಲ್ಕು ತಿಂಗಳಿಂದ ಅಂಥದ್ದೊಂದು ಬೈಕಿನಲ್ಲಿ ಹರಿಹರದಿಂದ ದಾವಣಗೆರೆಗೆ ಹೋಗಿ ಬರುತ್ತಿದ್ದೇನೆ. ನನಗೆ ಎರಡೂ ಉತ್ತರ ಅರ್ಧಂಬರ್ಧ ಅನ್ನಿಸುತ್ತವೆ. ಇಬ್ಬರೂ ಮುಂದಿನ ಸೀಟನ್ನೇ ನೋಡಿ ಮಾತಾಡುತ್ತಾರೆ. ನನ್ನ ತಕರಾರು ಇರುವುದು ಹಿಂದಿನ ಸೀಟಿನ ಬಗ್ಗೆ.

ಬೈಕು ನಾನು ಕೊಂಡದ್ದಲ್ಲ, ಸೋದರಮಾವನದು. ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ‘ನಿಲ್ಸಿದ್ರೆ ಬ್ಯಾಟರಿ ಹಾಳಾಗುತ್ತೆ, ಓಡಿಸ್ತಾ ಇರು’ ಅಂತ ಕೀ ಕೊಟ್ಟು ಹೋದರು. ಯಾವ ಕಂಪನಿ, ಯಾವ ಮಾಡೆಲ್ ಅನ್ನೋದು ಇಲ್ಲಿ ಬೇಡ. ಮಾತು ಆ ಇಡೀ ಜಾತಿಯದ್ದು. ನಮ್ಮ ದೇಶದ ಕಾಲೇಜು ಹುಡುಗರಿಗೆ ಆ ಹುಚ್ಚು ಹಿಡಿಸಿದ್ದು 2008ರಲ್ಲಿ ಬಂದ ಯಮಹಾ ಆರ್‌15. 2014ರಲ್ಲಿ ಕೆಟಿಎಂ ಆರ್‌ಸಿ ಬೈಕುಗಳೂ ಸೇರಿಕೊಂಡವು. ಸಣ್ಣ ಎಂಜಿನ್, ಅದಕ್ಕೊಂದು ರೇಡಿಯೇಟರ್, ಮೈತುಂಬ ಫೇರಿಂಗ್, ಕೆಳಗಿಳಿದ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಎರಡು ತುಂಡಾದ ಸೀಟು. ಯಾವ ಕಾಲೇಜಿನ ಪಾರ್ಕಿಂಗಿಗೆ ಹೋದರೂ ಸಾಲಿಗೆ ಹತ್ತು ಸಿಗುತ್ತವೆ. ಅವುಗಳನ್ನು ಓಡಿಸುವವರಲ್ಲಿ ರೇಸ್ ಟ್ರ್ಯಾಕ್ ಕಣ್ಣಾರೆ ಕಂಡವರು ಒಬ್ಬರೂ ಸಿಗಲಿಕ್ಕಿಲ್ಲ. ನಾನೂ ಕಂಡಿಲ್ಲ. ಚೆನ್ನೈ ಹತ್ತಿರ, ಕೊಯಮತ್ತೂರಿನಲ್ಲಿ, ದೆಹಲಿ ಪಕ್ಕದ ಗ್ರೇಟರ್ ನೊಯ್ಡಾದಲ್ಲಿ ಟ್ರ್ಯಾಕ್ ಇವೆ ಅಂತ ಗೊತ್ತು, ಅಷ್ಟೇ. ನಮಗಿರುವುದು ಪಿ.ಬಿ. ರಸ್ತೆ.

ಮೊದಲು ಹಿರಿಯರ ಮಾತಿಗೆ ಉತ್ತರ ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ಗಾಡಿ ಇವೆ. ಅಪ್ಪನ ಸ್ಪ್ಲೆಂಡರ್ ಮತ್ತು ಇದು. ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ., ಶಕ್ತಿ 8 ಪಿಎಸ್. ಇದರ ತೂಕ 140ರ ಆಸುಪಾಸು, ಶಕ್ತಿ 18. ‘ಹಗುರ’ ಎಂದು ಹೊಗಳಿಸಿಕೊಳ್ಳುವ ಟ್ರ್ಯಾಕ್ ಬೈಕು ಅಪ್ಪನ ಗಾಡಿಗಿಂತ ಭಾರವಿದೆ! ಆದರೆ ಲೆಕ್ಕ ಹಾಕಬೇಕಾದ್ದು ತೂಕವನ್ನೊಂದೇ ಅಲ್ಲ, ಒಂದು ಪಿಎಸ್ ಎಷ್ಟು ಕೆ.ಜಿ. ಎಳೆಯಬೇಕು ಅನ್ನುವುದನ್ನು. ಸ್ಪ್ಲೆಂಡರಿನಲ್ಲಿ 14, ಇದರಲ್ಲಿ ಎಂಟಕ್ಕಿಂತ ಕಡಿಮೆ. ವ್ಯತ್ಯಾಸ ಗೊತ್ತಾಗುವುದು ಮುಖ್ಯವಾಗಿ ಓವರ್‌ಟೇಕ್ ಮಾಡುವಾಗ. ಕಬ್ಬಿನ ಟ್ರಾಲಿಯ ಪಕ್ಕ ಎಷ್ಟು ಹೊತ್ತು ಇರುತ್ತೀರೋ ಅಷ್ಟು ಹೊತ್ತು ಅಪಾಯ. ಅದು ಇಲ್ಲಿ ಅರ್ಧಕ್ಕಿಳಿಯುತ್ತದೆ.

ಇನ್ನು ಬ್ರೇಕ್. ನಮ್ಮದು ಮೆಕ್ಕೆಜೋಳದ ಸೀಮೆ. ಸುಗ್ಗಿ ಬಂತೆಂದರೆ ಸರ್ವಿಸ್ ರಸ್ತೆಯ ಅರ್ಧ ಭಾಗ ಕಣವಾಗುತ್ತದೆ. ಕಾಳು ಒಣಗಲು ಹರವಿರುತ್ತಾರೆ, ಸುತ್ತ ಕಲ್ಲಿಟ್ಟಿರುತ್ತಾರೆ. ಒಣಗಿದ ಜೋಳದ ಕಾಳು ಟೈರಿನ ಕೆಳಗೆ ಬಾಲ್ ಬೇರಿಂಗಿನಂತೆ ಉರುಳುತ್ತದೆ. ಹಳೆಯ ಡ್ರಮ್ ಬ್ರೇಕಿನ ಗಾಡಿಯಲ್ಲಿ ಅಂಥ ಜಾಗದಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಅದಿದ್ದರೆ ಚಕ್ರ ಲಾಕ್ ಆಗದು. ಕಾಳಿನ ಮೇಲೆ ಎಬಿಎಸ್ ಕೂಡ ಪವಾಡವನ್ನೇನೂ ಮಾಡುವುದಿಲ್ಲ, ಗಾಡಿ ನಿಲ್ಲಲು ದೂರ ಬೇಕೇ ಬೇಕು. ಆದರೆ ಹ್ಯಾಂಡಲ್ ಮಾತು ಕೇಳುತ್ತದೆ. ಜೊತೆಗೆ ಡಿಸ್ಕ್ ಬ್ರೇಕು, ಅಗಲ ಟೈರು, ತಿರುವಿನಲ್ಲಿ ಅಲ್ಲಾಡದ ಫ್ರೇಮು. ಇವೆಲ್ಲ ಟ್ರ್ಯಾಕಿಗೆಂದು ಬಂದವೇ ಆಗಿರಬಹುದು, ಕೆಲಸಕ್ಕೆ ಬರುತ್ತಿರುವುದು ಹರಿಹರದ ದಾರಿಯಲ್ಲಿ. ‘ಸಾಯೋ ಗಾಡಿ’ ಅನ್ನುವ ಮಾತು ಗಾಡಿಗೆ ಸಲ್ಲುವುದಿಲ್ಲ. ಓಡಿಸುವವನಿಗೆ ಸಲ್ಲಬಹುದು.

ಮೈಲೇಜೂ ಅಂಥ ದುಬಾರಿಯಲ್ಲ. ನನಗೆ ಲೀಟರಿಗೆ 45 ಕಿ.ಮೀ. ಬರುತ್ತದೆ. ದಿನಕ್ಕೆ 28 ಕಿ.ಮೀ., ತಿಂಗಳಿಗೆ 24 ದಿನ. 15 ಲೀಟರ್ ಪೆಟ್ರೋಲಿನಲ್ಲಿ ಮುಗಿಯುತ್ತದೆ. ವಿದ್ಯಾರ್ಥಿ ಬಸ್ ಪಾಸಿಗೆ ಇದು ಸಮ ಅಲ್ಲ, ಒಪ್ಪಿದೆ. ಆದರೆ ಸಂಜೆ ಲ್ಯಾಬ್ ಮುಗಿಸಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿ ಬಂದವರಿಗೆ ಆ ಪೆಟ್ರೋಲಿನ ಬೆಲೆ ಗೊತ್ತು.

ಈಗ ಹುಡುಗರ ಮಾತಿಗೆ ಬರುತ್ತೇನೆ. ಈ ಬೈಕಿನ ಮೇಲೆ ಬಗ್ಗಿ ಕೂರಬೇಕಲ್ಲ, ಅದು ಸ್ಟೈಲಿಗೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ, ಗಾಳಿಗೆ. ಗಾಳಿಯ ತಡೆ ವೇಗದ ವರ್ಗದಷ್ಟು ಹೆಚ್ಚುತ್ತದೆ. 120ರಲ್ಲಿ ಇರುವ ತಡೆಯ ಒಂಬತ್ತನೇ ಒಂದು ಪಾಲು ಮಾತ್ರ 40ರಲ್ಲಿ ಇರುತ್ತದೆ. ಟ್ರ್ಯಾಕಿನಲ್ಲಿ ಬಗ್ಗಿದರೆ ಲಾಭ ಉಂಟು. ಇನ್ನೊಂದು ವಿಷಯವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಆ ವೇಗದಲ್ಲಿ ಎದುರು ಗಾಳಿಯೇ ಎದೆಯನ್ನು ಎತ್ತಿ ಹಿಡಿಯುತ್ತದೆ, ಹಾಗಾಗಿ ಮುಂಗೈಗೆ ಭಾರ ಬೀಳುವುದು ಕಡಿಮೆ. ನಾವು ಗಾಂಧಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಅದೇ ಭಂಗಿಯಲ್ಲಿ ಕೂತಿರುತ್ತೇವೆ. ಗಾಳಿ ಇಲ್ಲ, ವೇಗ ಇಲ್ಲ. ದೇಹದ ಮೇಲ್ಭಾಗದ ಭಾರವೆಲ್ಲ ಎರಡು ಮುಂಗೈ ಮೇಲೆ. ಮೊದಲ ತಿಂಗಳು ನನಗೆ ಡ್ರಾಯಿಂಗ್ ಕ್ಲಾಸಿನಲ್ಲಿ ಪೆನ್ಸಿಲ್ ಹಿಡಿಯಲು ಕಷ್ಟವಾಗುತ್ತಿತ್ತು. ಆಮೇಲೆ ಹೊಟ್ಟೆಯ ಸ್ನಾಯು ಬಿಗಿ ಹಿಡಿದು, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಕೂರುವುದು ರೂಢಿಯಾಯಿತು. ಎಂಜಿನ್ನೂ ಹಾಗೇ. ಅದರ ಪೂರ್ತಿ ಶಕ್ತಿ ಇರುವುದು ಹತ್ತು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ, ಊರೊಳಗೆ ನಾವು ಓಡಿಸುವುದು ನಾಲ್ಕು ಸಾವಿರದಲ್ಲಿ. ಹಂಪುಗಳ ಕಥೆಯಂತೂ ಬೇಡ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಉದ್ದ ಇರಬೇಕು. ನಮ್ಮ ಓಣಿಯ ಹಂಪು ಎತ್ತರದಲ್ಲಿ ಅದನ್ನು ಮೀರುತ್ತದೆ, ಉದ್ದದಲ್ಲಿ ಹೊಸ್ತಿಲಿನಷ್ಟಿದೆ.

ಆದರೂ ಇದೆಲ್ಲ ನನ್ನ ಕಷ್ಟ. ನನಗೆ ಖುಷಿಯೂ ಇದೆ, ಅದಕ್ಕೆ ನಾನೇ ಬೆಲೆ ಕೊಡುತ್ತಿದ್ದೇನೆ. ಅಲ್ಲಿಗೆ ಲೆಕ್ಕ ಚುಕ್ತಾ. ಚುಕ್ತಾ ಆಗದೇ ಉಳಿಯುವುದು ಇನ್ನೊಂದಿದೆ. ಅದನ್ನು ಹೇಳಲು ಒಂದು ಕಾರಿನ ಉದಾಹರಣೆ ತೆಗೆದುಕೊಳ್ಳುತ್ತೇನೆ. ಟ್ರ್ಯಾಕಿಗೆ ಹೇಳಿಸಿದಂಥ ಹಗುರ ಗಾಡಿಯನ್ನು ದಿನಬಳಕೆಗೆ ಇಟ್ಟುಕೊಳ್ಳುವ ಚಾಳಿ ನಮ್ಮಲ್ಲಿ ಬೈಕಿನದ್ದಾದರೆ, ಇಂಗ್ಲೆಂಡಿನಲ್ಲಿ ಕಾರಿನದ್ದು.

ಲೋಟಸ್ ಎಲೀಸ್ ಅಂತ ಒಂದು ಕಾರು. ನಾರ್ಫೋಕ್‌ನ ಹೆಥೆಲ್ ಎಂಬಲ್ಲಿ, ಹಿಂದೆ ವಾಯುಪಡೆಯ ನೆಲೆಯಾಗಿದ್ದ ಜಾಗದಲ್ಲಿ ಅದರ ಕಾರ್ಖಾನೆ. ಕಾಲಿನ್ ಚಾಪ್‌ಮನ್ ಕಟ್ಟಿದ ಕಂಪನಿ ಅದು. ಶಕ್ತಿ ಹೆಚ್ಚಿಸುವುದಕ್ಕಿಂತ ತೂಕ ಇಳಿಸುವುದು ಆತನ ವ್ರತ. 1996ರಲ್ಲಿ ಮಾರಾಟಕ್ಕೆ ಬಂದ ಮೊದಲ ಎಲೀಸಿನ ಚಾಸಿ ಅಲ್ಯುಮಿನಿಯಂ ತುಂಡುಗಳನ್ನು ವೆಲ್ಡ್ ಮಾಡಿದ್ದಲ್ಲ, ಅಂಟು ಹಾಕಿ ಕೂಡಿಸಿದ್ದು. ಆ ಚಾಸಿಯ ತೂಕ ಬರೀ 68 ಕೆ.ಜಿ. ಅಂದರೆ ನಮ್ಮ ಹಾಸ್ಟೆಲಿನ ಒಬ್ಬ ಹುಡುಗನಷ್ಟು! ಇಡೀ ಕಾರು 725 ಕೆ.ಜಿ. ಸುಮಾರು. ನಮ್ಮ ಮಾರುತಿ 800 ಇತ್ತಲ್ಲ, ಅದು 650ರ ಆಸುಪಾಸು. ತೂಕದಲ್ಲಿ ಎರಡೂ ಹತ್ತಿರದ ಸಂಬಂಧಿಗಳೇ. ಆದರೆ ಮಾರುತಿಯ ಹಳೆಯ ಎಂಜಿನ್ 37 ಅಶ್ವಶಕ್ತಿಯದು, ಎಲೀಸಿನದು 118. 2021ರವರೆಗೆ ಬೇರೆ ಬೇರೆ ರೂಪದಲ್ಲಿ ಆ ಕಾರು ತಯಾರಾಯಿತು.

ಅದನ್ನು ದಿನಾ ಆಫೀಸಿಗೆ ಓಡಿಸುವವರೂ ಇದ್ದಾರೆ. ಎರಡೇ ಸೀಟು. ಪವರ್ ಸ್ಟೀರಿಂಗ್ ಇಲ್ಲ. ಚಾಸಿಯ ಗಟ್ಟಿತನವೆಲ್ಲ ಎರಡು ಪಕ್ಕದ ತೊಲೆಗಳಲ್ಲಿ ಇರುವುದರಿಂದ ಬಾಗಿಲು ತೆಗೆದರೆ ಎದುರಿಗೆ ಎತ್ತರದ ಕಟ್ಟೆಯೊಂದು ಕಾಣುತ್ತದೆ. ಅದನ್ನು ದಾಟಿ, ಮೈ ಮುದುಡಿ, ನೆಲಕ್ಕೆ ಕುಕ್ಕರಿಸಿದಂತೆ ಕೂರಬೇಕು. ಸಾಮಾನು ಇಡುವ ಜಾಗ ಎಂಜಿನ್ ಹಿಂದೆ ಪುಟ್ಟದಾಗಿದೆ. ಮಳೆ ಬಂದರೆ ಬಟ್ಟೆಯ ಮಾಡು. ಇಷ್ಟೆಲ್ಲ ಕಷ್ಟ ಇದ್ದರೂ ಅವರಿಗೆ ಒಂದು ಅನುಕೂಲ ಇದೆ. ಕಷ್ಟಪಡುವವನೂ ಸುಖಪಡುವವನೂ ಒಬ್ಬನೇ. ಅಂಥ ಕಾರು ಕೊಳ್ಳಬಲ್ಲವನಿಗೆ ಮನೆಯವರಿಗೆಂದು ಇನ್ನೊಂದು ಕಾರು ಇಟ್ಟುಕೊಳ್ಳುವುದು ದೊಡ್ಡ ಮಾತಲ್ಲ.

ನಮ್ಮಲ್ಲಿ ಮಗನ ಬೈಕು ಅಂದರೆ ಮನೆಯ ಬೈಕು. ಅದರಲ್ಲಿ ಅಜ್ಜಿ ಆಸ್ಪತ್ರೆಗೆ ಹೋಗಬೇಕು, ರೇಷನ್ ಅಕ್ಕಿ ಬರಬೇಕು, ತಂಗಿಯನ್ನು ಟ್ಯೂಷನ್ನಿಗೆ ಬಿಡಬೇಕು, ಸಿಲಿಂಡರ್ ಕೂಡ ಒಂದೊಂದು ಸಲ ಬರಬೇಕು. ಹಗುರ ಗಾಡಿಯ ಗುಣ ಇಲ್ಲೇ ತಿರುಗಿ ಹೊಡೆಯುತ್ತದೆ. ಎರಡು ಟನ್ನಿನ ಎಸ್‌ಯುವಿಯೊಳಗೆ 70 ಕೆ.ಜಿ.ಯ ಒಬ್ಬರು ಹತ್ತಿದರೆ ತೂಕ ಏರುವುದು ನೂರಕ್ಕೆ ಮೂರೂವರೆ. ಎಲೀಸಿನಲ್ಲಿ ಹತ್ತಿರ ಹತ್ತು. ನನ್ನ ಬೈಕು 140, ನಾನು 58. ಹಿಂದೆ 70 ಕೆ.ಜಿ.ಯವರು ಕೂತರೆ ಒಮ್ಮೆಗೇ 35 ಪ್ರತಿಶತ. ಗಾಡಿ ಹಗುರವಾದಷ್ಟೂ ಕೂತವರೇ ಗಾಡಿಯಾಗುತ್ತಾರೆ. ಅದರಲ್ಲೂ ಹಿಂದಿನ ಸೀಟು ಎತ್ತರದಲ್ಲಿದೆ, ಅಂಗೈ ಅಗಲದ್ದು, ಮುಂದಕ್ಕೆ ಇಳಿಜಾರು. ಗಾಡಿ ಹೊರಟಾಗ ಮುಂದಿನ ಚಕ್ರ ತೇಲಿದಂತೆ ಆಗಿ ಹ್ಯಾಂಡಲ್ ಸಡಿಲ ಅನ್ನಿಸುತ್ತದೆ. ಬ್ರೇಕ್ ಹಾಕಿದಾಗ ಹಿಂದಿನವರು ಜಾರಿ ಬೆನ್ನಿಗೆ ಬರುತ್ತಾರೆ, ಆಗ ನನ್ನ ಮುಂಗೈ ಹೊರುವುದು ಇಬ್ಬರನ್ನು. ಹಿಂದೆ ಕೂತವರಿಗೆ ಹಿಡಿಯಲು ಸರಿಯಾದ ಹಿಡಿಕೆ ಇಲ್ಲ, ಮುಂದೆ ಏನಿದೆ ಅಂತ ಕಾಣುವುದು ಮಾತ್ರ ಚೆನ್ನಾಗಿ ಕಾಣುತ್ತದೆ. ಹೆದರಲು ಅಷ್ಟು ಸಾಕು.

ಅಮ್ಮ ಒಂದೇ ಸಲ ಹತ್ತಿದ್ದು. ಸೀರೆ ಉಟ್ಟು ಒಂದು ಪಕ್ಕ ಕೂರಲು ಅಲ್ಲಿ ಜಾಗವೇ ಇಲ್ಲ. ಹರಿಹರದ ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಇಳಿದುಬಿಟ್ಟಳು. ‘ಇದನ್ನ ಹತ್ತಾಕೆ ಏಣಿ ಬೇಕು. ನಾನು ಬಸ್ಸಿಗೆ ಬರ್ತೀನಿ, ಟಿಕೆಟ್ಟೂ ಇಲ್ಲ’ ಅಂದಳು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ನಮ್ಮಂಥ ಬೈಕುಗಳ ಮಾನ ಉಳಿಸಿರುವುದು ಅದೇ. ಆಕೆಯ ಮೊಣಕಾಲು ನೋವಿಗೆ ತಿಂಗಳಿಗೊಮ್ಮೆ ದಾವಣಗೆರೆಯ ಡಾಕ್ಟರ ಹತ್ತಿರ ಹೋಗಬೇಕು. ಅವತ್ತು ಅಪ್ಪ ವರ್ಕ್‌ಶಾಪಿಗೆ ಅರ್ಧ ದಿನ ರಜೆ ಹಾಕಿ ಸ್ಪ್ಲೆಂಡರಿನಲ್ಲಿ ಕರೆದೊಯ್ಯುತ್ತಾರೆ, ಇಲ್ಲವಾದರೆ ಬಸ್ಸು. ಅದೇ ಊರಿಗೆ, ಅದೇ ಹೊತ್ತಿಗೆ ನಾನು ಖಾಲಿ ಸೀಟು ಇಟ್ಟುಕೊಂಡು ಹೋಗುತ್ತಿರುತ್ತೇನೆ.

ಸೀರೆಯ ಮಾತು ಬಂದದ್ದಕ್ಕೆ ಹೇಳಬೇಕು. ಹಿಂದಿನ ಚಕ್ರದ ಪಕ್ಕ ಇರುವ ಸಾರಿ ಗಾರ್ಡ್ ಕಂಪನಿಯವರ ಉಪಕಾರವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಅದು. ಹಿಂದೆ ಕೂರುವವರಿಗೆ ಹಿಡಿಕೆ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ಕವಚ ಇರಬೇಕು. ನಮ್ಮ ಹುಡುಗರು ಹೊಸ ಬೈಕು ತಂದ ವಾರದೊಳಗೆ ಮಾಡುವ ಮೊದಲ ಕೆಲಸ ಇದನ್ನು ಬಿಚ್ಚಿ ಅಟ್ಟಕ್ಕೆ ಎಸೆಯುವುದು. ‘ವೇಟ್ ರಿಡಕ್ಷನ್ ಮಗಾ’ ಅಂತಾರೆ. ಬೆಳಿಗ್ಗೆ ಎರಡು ಬೆಣ್ಣೆದೋಸೆ, ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ ಕಮ್ಮಿ ತಿಂದರೆ ಅಷ್ಟೇ ತೂಕ ಇಳಿಯುತ್ತದೆ.

ಮೆಕ್ಯಾನಿಕಲ್ ಓದುವವನಾಗಿ ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮಪ್ಪ ಲೇತ್ ಮೇಲೆ ಕೆಲಸ ಮಾಡುವವರು. ಯಾವ ಶಾಫ್ಟ್ ಕೊಟ್ಟರೂ ಎಲ್ಲಿ ಲೋಹ ತೆಗೆಯಬಹುದು, ಎಲ್ಲಿ ಮುಟ್ಟಬಾರದು ಅಂತ ಡ್ರಾಯಿಂಗ್ ನೋಡುವ ಮೊದಲೇ ಹೇಳುತ್ತಾರೆ. ಎಲೀಸ್ ಮಾಡಿದವರೂ ಹಾಗೇ, ಕೆಲಸ ಮಾಡದ ಲೋಹವನ್ನು ತೆಗೆದರು. ಸಾರಿ ಗಾರ್ಡ್ ಕೆಲಸ ಮಾಡುತ್ತಿರುವ ಲೋಹ. ಅದು ನಮಗೆ ಕೆಲಸ ಮಾಡುವುದಿಲ್ಲ, ಹಿಂದೆ ಕೂತವರಿಗೆ ಮಾಡುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಅದು ದಂಡದ ತೂಕವಾಗಿ ಕಾಣುತ್ತದೆ. ಚೂಡಿದಾರದ ವೇಲ್ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆ ಅಂತ ವಿವರಿಸುವ ಅಗತ್ಯ ಇಲ್ಲ. ನಮ್ಮ ಜಿಲ್ಲೆಯಲ್ಲಿ ಯಾವ ಊರಿಗೆ ಹೋದರೂ ಒಬ್ಬರಾದರೂ ಹೇಳುತ್ತಾರೆ. ಮಾವನೂ ಬಿಚ್ಚಿಸಿದ್ದರು. ನಾನು ಕೆಲವು ನೂರು ರೂಪಾಯಿ ಕೊಟ್ಟು ಹೊಸದು ತಂದು ಹಾಕಿಸಿದೆ. ಕ್ಲಾಸಿನಲ್ಲಿ ಒಂದು ವಾರ ನನ್ನನ್ನು ‘ಅಂಕಲ್’ ಅಂದರು. ಅಂದುಕೊಳ್ಳಲಿ.

ದುಡ್ಡಿನ ವಿಷಯಕ್ಕೆ ಬಂದರೆ ಮಾತು ಇನ್ನೂ ಗಟ್ಟಿಯಾಗುತ್ತದೆ. ಈ ಬೈಕುಗಳು ಈಗ ರಸ್ತೆಗಿಳಿಯುವ ಹೊತ್ತಿಗೆ ಎರಡು ಲಕ್ಷದ ಆಸುಪಾಸು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟಬೇಕು. 2022ರ ಅಧಿಸೂಚನೆಯ ದರದಲ್ಲಿ 150 ಸಿಸಿವರೆಗಿನ ಬೈಕಿಗೆ ಅದು 3,851 ರೂಪಾಯಿ, 150 ದಾಟಿದರೆ 7,365. ಎಂಜಿನ್ 155 ಸಿಸಿ ಇದ್ದರೆ ಆ ಐದು ಸಿಸಿಗೆ ಹತ್ತಿರ ಇಮ್ಮಡಿ. ಇದನ್ನು ಶೋರೂಮಿನಲ್ಲಿ ಕೇಳದೆ ಯಾರೂ ಹೇಳುವುದಿಲ್ಲ. ಸ್ಟ್ಯಾಂಡ್ ಹಾಕಿದಲ್ಲೇ ಗಾಡಿ ಮಗುಚಿದರೂ ಫೇರಿಂಗ್ ಒಡೆಯುತ್ತದೆ, ಸ್ಪ್ಲೆಂಡರ್ ಆಗಿದ್ದರೆ ಇಂಡಿಕೇಟರ್ ಸೊಟ್ಟಗಾಗುತ್ತಿತ್ತು.

ನಮ್ಮ ಸೀನಿಯರ್ ಒಬ್ಬ ಹೋದ ವರ್ಷ ಬಿಇ ಮುಗಿಸಿದ. ಆರನೇ ಸೆಮಿಸ್ಟರಿನಲ್ಲಿ ಇದ್ದಾಗಲೇ ಅವನ ಅಪ್ಪ 36 ಕಂತಿನ ಸಾಲ ಮಾಡಿ ಇಂಥದ್ದೇ ಬೈಕು ಕೊಡಿಸಿದರು. ಕಂತು ಐದು ಸಾವಿರ ಚಿಲ್ಲರೆ. ಕ್ಯಾಂಪಸ್ಸಿನಲ್ಲಿ ಕೆಲಸ ಆಗಲಿಲ್ಲ. ಈಗ ಹಗಲು ಅಪ್ಲಿಕೇಷನ್ ಹಾಕುತ್ತಾನೆ, ಸಂಜೆ ಅದೇ ಬೈಕಿನಲ್ಲಿ ಊಟದ ಡೆಲಿವರಿ ಮಾಡುತ್ತಾನೆ. ಡೆಲಿವರಿ ಬ್ಯಾಗ್ ಆ ಇಳಿಜಾರು ಸೀಟಿನ ಮೇಲೆ ನಿಲ್ಲುವುದಿಲ್ಲ, ಪೂರ್ತಿ ಭಾರ ಹೆಗಲ ಮೇಲೆ; ಬಗ್ಗಿದ ಬೆನ್ನಿಗೆ ಇನ್ನೊಂದು ಹೊರೆ. ರಾತ್ರಿ ಮುಂಗೈಗೆ ಮುಲಾಮು ಹಚ್ಚಿಕೊಂಡು ಮಲಗುತ್ತಾನೆ. ಅವನ ಅಪ್ಪ ಭತ್ತದ ಲೆಕ್ಕ ಕೇಳಲು ಎಪಿಎಂಸಿಗೆ ಹೋಗಬೇಕಾದರೆ ಪಕ್ಕದ ಮನೆಯವರ ಗಾಡಿ ಹತ್ತುತ್ತಾರೆ. ಕಂತು ಕಟ್ಟುತ್ತಿರುವವರಿಗೆ ಆ ಗಾಡಿಯಲ್ಲಿ ಕೂರಲು ಜಾಗ ಇಲ್ಲ. ಮಾರಿಬಿಡು ಅಂದರೆ ಸಾಲದ ಬಾಕಿಯಷ್ಟೂ ಬೆಲೆ ಬರುತ್ತಿಲ್ಲ ಅನ್ನುತ್ತಾನೆ.

ಅದಕ್ಕೇ ನನ್ನ ಅಭಿಪ್ರಾಯ ಹೀಗೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ, ನೀವು ಒಬ್ಬರೇ ಓಡಾಡುವವರಾದರೆ, ಟ್ರ್ಯಾಕ್ ಬೈಕು ದಿನಬಳಕೆಗೆ ಧಾರಾಳವಾಗಿ ಆಗುತ್ತದೆ. ಬೆನ್ನು, ಮುಂಗೈ ಹೊಂದಿಕೊಳ್ಳುತ್ತವೆ. ಮನೆಗೆ ಅದೊಂದೇ ಗಾಡಿ ಅನ್ನುವುದಾದರೆ ಬೇಡ, ಮೈಲೇಜ್ ಎಷ್ಟೇ ಇರಲಿ, ಬ್ರೇಕ್ ಎಷ್ಟೇ ಚೆನ್ನಾಗಿರಲಿ. ಅದೇ ಎಂಜಿನ್, ಅದೇ ಬ್ರೇಕ್ ಇಟ್ಟು ನೇರ ಹ್ಯಾಂಡಲ್ ಕೊಟ್ಟ ಬೈಕುಗಳೂ ಸಿಗುತ್ತವೆ, ಅವುಗಳ ಫೋಟೊ ಅಷ್ಟು ಚೆಂದ ಬರುವುದಿಲ್ಲ ಅಷ್ಟೇ. ಬೈಕು ತಯಾರಿಸುವವರಿಗೂ ಒಂದು ಮಾತಿದೆ. ಆ ಹಿಂದಿನ ಸೀಟು ಒಂದೋ ಸೀಟಾಗಿರಲಿ, ಇಲ್ಲವೇ ತೆಗೆದುಬಿಡಿ. ನಿಯಮದ ಕಾಗದದಲ್ಲಿ ಇಬ್ಬರ ಗಾಡಿ, ರಸ್ತೆಯ ಮೇಲೆ ಒಬ್ಬರ ಗಾಡಿ ಅನ್ನುವ ನಾಟಕ ಯಾಕೆ? ಬೇಕೆಂದವರಿಗೆ ಸ್ವಲ್ಪ ಅಗಲದ ಸೀಟು, ಹಿಡಿಕೆ ಬೇರೆಯಾಗಿ ಮಾರಿದರೂ ಸಾಕು. ಹೊಸ ಸೈಲೆನ್ಸರ್, ಬಣ್ಣದ ಸ್ಟಿಕರ್ ಮಾರುವ ಅಂಗಡಿಗಳು ಪಿ.ಬಿ. ರಸ್ತೆಯಲ್ಲೇ ಬೇಕಾದಷ್ಟಿವೆ. ಹಿಡಿಕೆ ಕೇಳಿ ನೋಡಿ, ‘ಆರ್ಡರ್ ಕೊಡ್ಬೇಕು ಬ್ರದರ್’ ಅಂತಾರೆ.

ಜೂನಿಯರ್ ಹುಡುಗರು ಪಾರ್ಕಿಂಗಿನಲ್ಲಿ ಬಂದು ‘ಅಣ್ಣಾ, ಒಂದ್ ರೌಂಡ್ ಕೊಡ್ರಿ, ಇದೇ ತಗೋಬೇಕು ಅಂತ ಇದೀನಿ’ ಅಂತ ಕೇಳುತ್ತಿರುತ್ತಾರೆ. ನಾನು ಕೀ ಕೊಡುವುದಿಲ್ಲ. ಹೆಲ್ಮೆಟ್ ಕೊಟ್ಟು ಹಿಂದೆ ಕೂರಿಸಿಕೊಂಡು ಹರಿಹರದವರೆಗೆ ಕರೆದುಕೊಂಡು ಹೋಗುತ್ತೇನೆ, ವಾಪಸ್ ಬರುವುದು ಬಸ್ಸಿಗೆ. ಈವರೆಗೆ ಮೂವರು ಬಂದಿದ್ದಾರೆ. ಒಬ್ಬ 125 ಸಿಸಿಯ ಸಾದಾ ಬೈಕು ತಗೊಂಡ. ಇನ್ನೊಬ್ಬ ಇಳಿದ ಕೂಡಲೇ ಸೊಂಟ ಹಿಡಿದುಕೊಂಡು ನಕ್ಕ, ಆಮೇಲೆ ಹೋಗಿ ಇದನ್ನೇ ತಗೊಂಡ. ಅವನ ಮನೆಯಲ್ಲಿ ಸ್ಕೂಟರ್ ಇದೆ. ಮೂರನೆಯವನು ಅವರಮ್ಮನನ್ನು ಒಂದು ಸಲ ಹತ್ತಿಸಿ ನೋಡಬೇಕು, ಭಾನುವಾರ ಗಾಡಿ ಮನೆಗೆ ತರ್ತೀರಾ ಅಂತ ಕೇಳಿದ್ದಾನೆ.